ವರಲಕ್ಷ್ಮಿ ಮೊದಲು ನೋಡಿದ ಪಾಠಗಳು

ನಮ್ಮ ಪಾಲಿಟೆಕ್ನಿಕ್ಕಿಗೆ ಹೊಸದಾಗಿ ಸೇರಿದ ಇಬ್ಬರು ಮೇಷ್ಟರು ಮೊನ್ನೆ ಮನೆಗೆ ಬಂದಿದ್ದರು. ಆನ್‌ಲೈನ್ ಪಾಠಗಳನ್ನು ಸಿದ್ಧ ಮಾಡುವ ಕೆಲಸ ಈಗ ಅವರ ಪಾಲಿಗೆ ಬಂದಿದೆ. "ನಿಮ್ಮ ಡ್ರಾಯಿಂಗ್ ಪಾಠಗಳನ್ನ ಹುಡುಗ್ರು ಇವತ್ತಿಗೂ ನೋಡ್ತಾರೆ ಸಾರ್. ಹೆಂಗೆ ಮಾಡಿದ್ರಿ ಅಂತ ಬರೆದು ಕೊಡ್ರಿ" ಎಂದರು. ನಾನು ಬರೆಯುವವನಲ್ಲ. ಐಟಿಐ ಮುಗಿಸಿ ವರ್ಕ್‌ಶಾಪಿನಲ್ಲಿ ಕಬ್ಬಿಣ ಉಜ್ಜುವ ಅರ ಹಿಡಿಯುವುದನ್ನು ಕಲಿಸಲು ಸೇರಿದವನು. ಕೆಲಸದ ಜೊತೆಗೇ ಡಿಪ್ಲೊಮಾ ಮಾಡಿಕೊಂಡೆ. ಡ್ರಾಯಿಂಗ್ ಮೇಷ್ಟರಿಗೆ ವರ್ಗವಾದಾಗ ಆ ತರಗತಿಯನ್ನು ಒಂದು ತಿಂಗಳು ನೋಡಿಕೊಳ್ಳಿ ಎಂದು ನನಗೆ ಕೊಟ್ಟರು. ನಿವೃತ್ತಿಯ ದಿನದವರೆಗೂ ಅದು ನನ್ನ ಹತ್ತಿರವೇ ಉಳಿಯಿತು.

ಆದರೂ ಬರೆಯಲು ಒಪ್ಪಿಕೊಂಡೆ. ಆ ಪಾಠಗಳಲ್ಲಿ ನನ್ನ ಹೆಂಡತಿ ವರಲಕ್ಷ್ಮಿಯ ಪಾಲು ಇದೆ. ಅವಳು ತೀರಿಕೊಂಡು ಒಂದು ವರ್ಷ ದಾಟಿತು. ಪಾಠಗಳ ಕೊನೆಯಲ್ಲಿ ನನ್ನ ಹೆಸರೊಂದೇ ಇದೆ. ಅದು ಪೂರ್ತಿ ನಿಜವಲ್ಲ ಎಂದು ಎಲ್ಲಾದರೂ ಬರೆದಿಡಬೇಕಾಗಿತ್ತು.

ಊರೂರಿಗೂ ಕಾಯಿಲೆ ಹಬ್ಬಿ ಕಾಲೇಜು ಮುಚ್ಚಿದಾಗ ಎಲ್ಲರಿಗೂ ಫೋನಿನಲ್ಲೇ ಪಾಠ ಮಾಡಿ ಎಂದು ಹೇಳಿದರು. ಹೇಗೆ ಎಂದು ಯಾರೂ ಹೇಳಲಿಲ್ಲ. ಖಾಲಿ ತರಗತಿಗೆ ಹೋಗಿ, ಬೆಂಚಿನ ಮೇಲೆ ಸ್ಟೂಲು ಇಟ್ಟು, ಸ್ಟೂಲಿಗೆ ಸೈಕಲ್ ಟ್ಯೂಬಿನ ರಬ್ಬರಿನಿಂದ ಫೋನು ಕಟ್ಟಿದೆ. ಬೋರ್ಡಿನ ಮೇಲೆ ಐವತ್ತು ನಿಮಿಷ ಗೆರೆ ಎಳೆದೆ. ಹಿಂದೆ ಎಣ್ಣೆ ಮಿಲ್ಲಿನ ಸದ್ದು ಇತ್ತು. ನಮ್ಮ ಚಳ್ಳಕೆರೆಯಲ್ಲಿ ಅದಿಲ್ಲದ ಜಾಗ ಹುಡುಕುವುದು ಕಷ್ಟ. ಮನೆಗೆ ಬಂದು ಹೆಮ್ಮೆಯಿಂದ ವರಲಕ್ಷ್ಮಿಗೆ ತೋರಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿದಳು.

"ಏನ್ರಿ, ಬರೀ ನಿಮ್ಮ ಬೆನ್ನೇ ಐತಲ್ಲ ಇದ್ರಾಗೆ."

"ಬೋರ್ಡಿನ ಮೇಲೆ ಬರೀಬೇಕಂದ್ರೆ ಬೆನ್ನು ಕಾಣದೆ ಇನ್ನೇನು ಕಾಣ್ತದೆ?"

"ಹೋಗ್ಲಿ ಬಿಡ್ರಿ, ಅಂಗಿಗೆ ಇಸ್ತ್ರಿ ಹಾಕಿದ್ದಾದ್ರೂ ಸಾರ್ಥಕ ಆತು."

ನನಗೆ ಸಿಟ್ಟು ಬಂತು. ಅವಳು ಓದಿದ್ದು ಏಳನೇ ತರಗತಿಯವರೆಗೆ ಮಾತ್ರ. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವ ಮನೆಯ ಮಗಳು. ಮನೆಯಲ್ಲಿ ತೆಲುಗು ಮಾತಾಡುತ್ತಾ, ಅಪ್ಪನನ್ನು ನಾಯ್ನ ಎನ್ನುತ್ತಾ, ಮದುವೆಯಾಗುವವರೆಗೆ ಮಗ್ಗದ ಮೇಲೆ ಕೂತವಳು. ಇವಳಿಗೇನು ಗೊತ್ತು ಇಂಜಿನಿಯರಿಂಗ್ ಡ್ರಾಯಿಂಗು ಎಂದುಕೊಂಡೆ. ಆ ಮಾತನ್ನು ಬಾಯಿಬಿಟ್ಟು ಆಡಲಿಲ್ಲ ಎಂಬುದು ಈಗಿನ ಸಮಾಧಾನ.

ಮುಂದಿನ ಪಾಠಕ್ಕೆ ಬೋರ್ಡು ಬಿಟ್ಟೆ. ಮನೆಯ ಮೇಜಿನ ಮೇಲೆ ಒಂದು ಮರದ ತುಂಡು ಇಟ್ಟೆ. ಅದರ ಒಂದು ಬದಿಯಲ್ಲಿ ಮೆಟ್ಟಿಲಿನಂಥ ಕಚ್ಚು ಇತ್ತು. ನಾನು ಮೇಜಿನ ಆಚೆ, ಫೋನು ಈಚೆ, ಎದುರುಬದುರು. "ಈಗ ಎಡಗಡೆಯಿಂದ ನೋಡಿ" ಎಂದು ಕೈ ತೋರಿಸಿ, ಬರೆದು ಕಳಿಸಲು ಹೇಳಿದೆ. ಹುಡುಗರು ಹಾಳೆಗಳ ಫೋಟೊ ಕಳಿಸಿದರು. ಹೆಚ್ಚುಕಡಿಮೆ ಎಲ್ಲರದ್ದರಲ್ಲೂ ಕಚ್ಚು ತಿರುವುಮುರುವಾಗಿತ್ತು. ನಾನು ಗುಂಪಿಗೆ ಒಂದು ಧ್ವನಿ ಸಂದೇಶ ಕಳಿಸಿದೆ: "ಎಡ ಯಾವುದು, ಬಲ ಯಾವುದು ಗೊತ್ತಿಲ್ಲದವರು ಇಂಜಿನಿಯರ್ ಆಗ್ತೀರೇನ್ರೋ?"

ಒಬ್ಬ ಹುಡುಗಿ ಮಾತ್ರ ಫೋನು ಮಾಡಿದಳು. ರೇಣುಕಾ ಎಂದು ಹೆಸರು. ಬಿ.ಜಿ. ಕೆರೆಯ ಹತ್ತಿರದ ಹಳ್ಳಿಯವಳು, ಕುರಿ ಕಾಯುವ ಮನೆಯಿಂದ ಬಂದವಳು.

"ಸರ್, ಬೇಜಾರು ಮಾಡ್ಕೋಬ್ಯಾಡ್ರಿ. ನೀವು ಎಡಗೈ ತೋರಿಸಿದ್ರಿ. ಅದು ನಮಗೆ ಬಲಕ್ಕೆ ಕಾಣ್ತು. ನಾವು ಕಂಡಂಗೆ ಬರೆದೀವಿ."

"ಅಷ್ಟು ತಿಳ್ಕೊಳ್ಳೋಕಾಗಲ್ವೇನಮ್ಮ?" ಎಂದು ಫೋನು ಇಟ್ಟೆ. ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ವರಲಕ್ಷ್ಮಿ ತಲೆಯೆತ್ತಿದಳು.

"ಹುಡುಗಿ ಸರಿಯಾಗೇ ಹೇಳ್ತಾಳಲ್ರಿ. ಮಗ್ಗ ಕಲಿಸೋರು ಎದುರಿಗೆ ಕೂರ್ತಾರೇನು?"

"ಮತ್ತೆ?"

"ಪಕ್ಕದಾಗೆ ಕೂರಿಸ್ಕೊಂತಾರೆ. ನಮ್ಮ ನಾಯ್ನ ನನ್ನನ್ನ ಮಗ್ಗದ ಗುಂಡಿಯಾಗೆ ತಮ್ಮ ಬಲಕ್ಕೆ ಕೂರಿಸ್ಕೊಂಡಿದ್ರು. ಅವರ ಬಲಗೈ ಹೋದ ಕಡೆಗೇ ನನ್ನ ಬಲಗೈ. ಅವರ ಎಡಗಾಲು ತುಳಿದ್ರೆ ನನ್ನ ಎಡಗಾಲು. ಎದುರಿಗೆ ನಿಂತು ನೋಡೋರು ಸೀರೆ ಕೊಳ್ಳಾಕೆ ಬಂದೋರು, ಕಲಿಯಾಕೆ ಬಂದೋರಲ್ಲ."

ವರ್ಕ್‌ಶಾಪಿನಲ್ಲಿ ನಾನೂ ಹುಡುಗರ ಪಕ್ಕದಲ್ಲೇ ನಿಂತು ಅರ ಹಿಡಿಸುತ್ತಿದ್ದೆ. ಫೋನು ಕೈಗೆ ಬಂದ ಕೂಡಲೇ ಅದನ್ನು ಹೇಗೆ ಮರೆತೆನೋ ಗೊತ್ತಿಲ್ಲ. ಗುಂಪಿಗೆ ಇನ್ನೊಂದು ಸಂದೇಶ ಕಳಿಸಿ, ತಪ್ಪು ನನ್ನದು, ನಿಮ್ಮದಲ್ಲ ಎಂದೆ. ಮಾರನೆಯ ಬೆಳಿಗ್ಗೆ ಮಿಲ್ಲು ಶುರುವಾಗುವ ಮೊದಲು ಮತ್ತೆ ವಿಡಿಯೊ ತೆಗೆದೆವು. ವರಲಕ್ಷ್ಮಿ ನನ್ನ ಬೆನ್ನ ಹಿಂದೆ ನಿಂತು, ಬಲಭುಜದ ಮೇಲಿನಿಂದ ಫೋನು ಹಿಡಿದಳು. ನನ್ನ ಕೈ ನೋಡುವವರಿಗೆ ತಮ್ಮದೇ ಕೈಯಂತೆ ಕಾಣುತ್ತದೆ. ಆಮೇಲೆ ಅವಳಿದ್ದಷ್ಟು ದಿನ ಪಾಠಗಳೆಲ್ಲ ಹಾಗೇ ಆದವು. ಕಿವಿಗೊಟ್ಟು ಕೇಳಿದರೆ ಅವುಗಳಲ್ಲಿ ಅವಳ ಉಸಿರಾಟವೂ ಇದೆ.

ಇಷ್ಟು ಹೊತ್ತಿಗೆ ನಮ್ಮ ಕಂಪ್ಯೂಟರ್ ವಿಭಾಗದ ಶಬಾನಾ ಮೇಡಂ ಒಂದು ತರಬೇತಿ ಮುಗಿಸಿ ಬಂದಿದ್ದರು. ಪಾಠಗಳನ್ನು ಕತ್ತರಿಸಿ ಜೋಡಿಸುವುದನ್ನು ನನಗೆ ಕಲಿಸಿದವರು ಅವರೇ. ಮಕ್ಕಳಲ್ಲಿ ಕೆಲವರು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ, ಕೆಲವರು ಕೈಯಿಂದ ಮಾಡಿ ಕಲಿಯುತ್ತಾರೆ ಎಂದು ತರಬೇತಿಯಲ್ಲಿ ಹೇಳಿದ್ದರಂತೆ. ಅದನ್ನು ಕಂಡುಹಿಡಿಯುವ ಪ್ರಶ್ನೆಪಟ್ಟಿಯನ್ನೂ ತಂದಿದ್ದರು. ನನಗೆ ಬಹಳ ಹಿಡಿಸಿತು. ಪಟ್ಟಿಯನ್ನು ಕನ್ನಡಕ್ಕೆ ಮಾಡಿ ಹುಡುಗರಿಗೆ ಕಳಿಸಿದೆವು. ಟಿಕ್ ಹಾಕಿದ ಪ್ರಕಾರ ಕಣ್ಣಿನವರು, ಕಿವಿಯವರು, ಕೈಯವರು ಎಂದು ಮೂರು ಗುಂಪು ಮಾಡಿದೆವು. ಕಣ್ಣಿನವರಿಗೆ ವಿಡಿಯೊ, ಕಿವಿಯವರಿಗೆ ಧ್ವನಿ ಪಾಠ, ಕೈಯವರಿಗೆ ಅಭ್ಯಾಸದ ಹಾಳೆ. ಪ್ರಿನ್ಸಿಪಾಲ್ ವೀರಭದ್ರಪ್ಪನವರಂತೂ ಬಣ್ಣದ ಪಟ್ಟಿ ಬರೆಸಿ ತಮ್ಮ ಕೋಣೆಯ ಗೋಡೆಗೆ ಹಾಕಿಸಿದರು. ಬಂದವರಿಗೆಲ್ಲ ತೋರಿಸುತ್ತಿದ್ದರು. ನನ್ನ ಇಡೀ ನೌಕರಿಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಆ ಗೋಡೆಯ ಮೇಲೆ ಬಣ್ಣಬಣ್ಣವಾಗಿ ನೇತಾಡುತ್ತಿತ್ತು.

ಪರೀಕ್ಷೆಯಲ್ಲಿ ರೇಣುಕಾ ಡ್ರಾಯಿಂಗಿನಲ್ಲಿ ಫೇಲಾದಳು. ಮರುಪರೀಕ್ಷೆಯಲ್ಲೂ ಫೇಲು. ಉಳಿದೆಲ್ಲ ವಿಷಯಗಳಲ್ಲಿ ಒಳ್ಳೆಯ ಅಂಕ ಇತ್ತು. ಪಟ್ಟಿ ತೆಗೆದು ನೋಡಿದೆ. ಅವಳು 'ಕಿವಿ' ಗುಂಪಿನಲ್ಲಿದ್ದಳು. ವರ್ಷವಿಡೀ ನಾವು ಅವಳಿಗೆ ಡ್ರಾಯಿಂಗನ್ನು ಬರೀ ಬಾಯಿಮಾತಿನಲ್ಲಿ ಕಳಿಸಿದ್ದೆವು.

ಕಾಲೇಜು ತೆರೆದ ಮೇಲೆ ಒಂದು ಭಾನುವಾರ ಅವಳ ಊರಿಗೆ ಹೋದೆ. ಊರ ಹೊರಗೆ ಕಡಲೆಕಾಯಿ ಕಿತ್ತ ಹೊಲದಲ್ಲಿ ತಾಯಿ ಮಗಳು ಇಬ್ಬರೂ ಕುರಿ ಮೇಯಿಸುತ್ತಿದ್ದರು. ತಾಯಿಯ ಹೆಸರು ಹನುಮಕ್ಕ. ನನ್ನನ್ನು ಕಂಡು ಹುಡುಗಿ ಗಾಬರಿಯಾದಳು.

"ನಿನಗೆ ಕೇಳಿ ಕಲಿಯೋದು ಇಷ್ಟ ಅಂತ ಟಿಕ್ ಹಾಕಿದ್ದೆಯಲ್ಲಮ್ಮ?"

"ಇಷ್ಟ ಅಂತಲ್ಲ ಸರ್. ಕಾಲೇಜು ಮುಚ್ಚಿದ್ರಲ್ಲ, ದಿನಾ ಕುರಿ ಹಿಂದೆ ಬರ್ತಿದ್ದೆ. ಕಣ್ಣು ಕುರಿ ಮೇಲೆ ಇರ್ಬೇಕು, ಕೈಯಾಗೆ ಕೋಲು. ಕಿವಿ ಒಂದೇ ಖಾಲಿ ಇದ್ದಿದ್ದು. ಅದಕ್ಕೇ ಹಂಗೆ ಹಾಕ್ದೆ."

ಹನುಮಕ್ಕ ನಕ್ಕಳು. "ಕಣ್ಣು ಮೊಬೈಲಿನಾಗೆ ಇಟ್ರೆ ಒಂದೋ ತ್ವಾಳ ಬಂದಿರ್ತೈತೆ ಸಾರ್, ಇಲ್ಲಾ ಕುರಿ ಪಕ್ಕದೋರ ಹೊಲ್ದಾಗ ಇರ್ತಾವೆ. ತ್ವಾಳನಾದ್ರೂ ಓಡಿಸ್ಬೋದು, ಪಕ್ಕದೋರ ಬಾಯಿ ಮುಚ್ಚಾಕಾಗಲ್ಲ."

ಆಮೇಲೆ ನಗು ನಿಲ್ಲಿಸಿ ಹೇಳಿದಳು. "ನಂದೂ ಅವಳ್ದೂ ಮೂರು ವರ್ಷದ ಮಾತು ಸಾರ್. ಮೂರು ವರ್ಷ ನಾನೊಬ್ಳೇ ಕುರಿ ನೋಡ್ಕೊಂತೀನಿ, ಅವಳು ಓದ್ಲಿ. ನಾಕನೇ ವರ್ಷಕ್ಕೆ ನನ್ನ ಮೊಣಕಾಲು ಒಪ್ಪಂಗಿಲ್ಲ."

ಡ್ರಾಯಿಂಗ್ ಪಾಸಾಗದೆ ಅವಳಿಗೆ ಮೂರನೇ ವರ್ಷಕ್ಕೆ ಪ್ರವೇಶ ಸಿಗುತ್ತಿರಲಿಲ್ಲ. ಅದಕ್ಕೆ ಮೊದಲು ಉಳಿದಿದ್ದು ಒಂದೇ ಪರೀಕ್ಷೆ. ಅದೂ ಹೋದರೆ ಒಂದು ವರ್ಷ ಹೋಯಿತು, ತಾಯಿಯ ಮಾತಿನ ಪ್ರಕಾರ ಓದೇ ಹೋಯಿತು. ಹುಡುಗಿ ದಡ್ಡಿಯಲ್ಲ. ಬಿಡುವಾಗಿದ್ದ ಕಿವಿಯನ್ನು ನಾವು ಅವಳ ಸ್ವಭಾವ ಎಂದು ಬರೆದುಕೊಂಡಿದ್ದೆವು.

ಸೋಮವಾರ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಆ ಪಟ್ಟಿ ತೆಗೆಸಬೇಕು ಸಾರ್ ಎಂದೆ. ಅವರು ಕನ್ನಡಕ ಇಳಿಸಿ ನೋಡಿದರು.

"ತಪಾಸಣೆಯವರು ಬರೋ ತಿಂಗಳು ಇದು. ಅದನ್ನ ಬಿಟ್ರೆ ತೋರಿಸೋಕೆ ಏನೈತ್ರಿ ನಮ್ಮ ಹತ್ರ?"

ನಾನು ಹೊಲದಲ್ಲಿ ಕೇಳಿದ್ದನ್ನು ಹೇಳಿದೆ. ಶಬಾನಾ ಮೇಡಂ ಕೂಡ ಬಂದರು. ಪ್ರಶ್ನೆಪಟ್ಟಿ ತಂದವರು ಅವರೇ ಆದರೂ, "ಸರ್ ಹೇಳೋದು ಸರಿ ಇದೆ ಸರ್. ನಾವು ಮಕ್ಕಳನ್ನ ಕೇಳಿದ್ದು ಒಂದು, ಅವರು ಹೇಳಿದ್ದು ಇನ್ನೊಂದು" ಎಂದರು. ತಮ್ಮ ತಪ್ಪನ್ನು ಮೇಲಿನವರ ಎದುರು ಹಾಗೆ ಒಪ್ಪಿಕೊಂಡವರನ್ನು ನಾನು ಹೆಚ್ಚು ಕಂಡಿಲ್ಲ. ವೀರಭದ್ರಪ್ಪನವರು ಪಟ್ಟಿ ತೆಗೆಸಲಿಲ್ಲ. ಆದರೆ, "ನೀವು ಏನು ಬೇಕಾದ್ರೂ ಮಾಡ್ಕೊಳ್ರಿ, ನಾನು ಕಂಡಿಲ್ಲ" ಎಂದರು. ಮೇಲಧಿಕಾರಿಗಳಿಂದ ಅಷ್ಟು ಸಿಕ್ಕರೂ ಸಾಕು ಎಂದು ಹೊಸಬರಿಗೆ ಹೇಳುತ್ತೇನೆ.

ಫೇಲಾದವರಿಗೆ ಬೇರೆ ತರಗತಿ ಇರಲಿಲ್ಲ, ಫೋನಿನ ಪಾಠಗಳನ್ನೇ ಮೊದಲಿನಿಂದ ಮಾಡಿದೆವು. ಗುಂಪುಗಳು ಇಲ್ಲ. ಒಂದೊಂದು ಪಾಠವನ್ನೂ ಎಲ್ಲರಿಗೂ ಎಲ್ಲ ರೀತಿಯಲ್ಲೂ ಕೊಡುವುದು. ನಡೆಯುತ್ತಾ ಕೇಳಲು ಒಂದು ಕಥೆಯಂಥ ಮಾತು, ಅದರಲ್ಲಿ ಇವತ್ತು ಏನು ಮಾಡುತ್ತೇವೆ, ಯಾಕೆ ಎಂಬುದು ಮಾತ್ರ. ಕೂತಾಗ ನೋಡಲು ಎರಡು ಮೂರು ನಿಮಿಷದ ತುಣುಕುಗಳು. ಕೈಯಿಂದ ಮಾಡಲು ಮನೆಯಲ್ಲಿ ಸಿಗುವ ಒಂದು ಸಾಮಾನು. ಕೊನೆಯಲ್ಲಿ ಒಂದೇ ಪ್ರಶ್ನೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಅವರವರ ಬಿಡುವಿಗೆ ಬಿಟ್ಟದ್ದು. ಆದರೆ ಯಾವುದನ್ನೂ ಬಿಡುವ ಹಾಗಿಲ್ಲ.

ಒಂದು ಘನವನ್ನು ಓರೆಯಾಗಿ ಕೊಯ್ದರೆ ಒಳಗೆ ಯಾವ ಆಕಾರ ಕಾಣುತ್ತದೆ ಎಂಬ ಪಾಠಕ್ಕೆ ಬಟ್ಟೆ ಸೋಪು ಕೊಯ್ಯಲು ಹೇಳಿದ್ದೆ. ಕೊಯ್ದ ಮುಖವನ್ನು ಹಾಳೆಯ ಮೇಲೆ ಒತ್ತಿ, ಸುತ್ತ ಗೆರೆ ಎಳೆಯಬೇಕು. ಕಾಲೇಜಿನ ಎದುರಿನ ಅಂಗಡಿಯವರು ನನ್ನನ್ನು ನಿಲ್ಲಿಸಿ ಕೇಳಿದರು: "ಏನ್ಸಾರ್, ನಿಮ್ಮ ಹುಡುಗ್ರು ಇದ್ದಕ್ಕಿದ್ದಂಗೆ ಇಷ್ಟು ಬಟ್ಟೆ ಒಗೆಯೋಕೆ ಶುರು ಹಚ್ಚಿದಾರೆ? ಮದ್ವೆ ಗಿದ್ವೆ ಐತಾ?"

ಪಾಠ ಸರಿಯಾಗಿದೆಯೇ ಎಂದು ನೋಡಲು ನಮ್ಮಲ್ಲಿ ಒಂದೇ ಪರೀಕ್ಷೆ ಇತ್ತು. ವರಲಕ್ಷ್ಮಿ ಅದನ್ನು ನೋಡಿ, ನನ್ನನ್ನು ಏನೂ ಕೇಳದೆ, ಕೊನೆಯ ಪ್ರಶ್ನೆಯ ಚಿತ್ರವನ್ನು ತಾನೇ ಬರೆಯಬೇಕು. ಬರೆದರೆ ಪಾಠ ಹುಡುಗರಿಗೆ ಹೋಗುತ್ತದೆ, ಇಲ್ಲವಾದರೆ ಮತ್ತೆ ಮಾಡುವುದು. ಮೊದಮೊದಲು ಅವಳು ನನ್ನ ಮನಸ್ಸು ನೋಯಬಾರದೆಂದು ತಿಳಿಯಿತು ತಿಳಿಯಿತು ಎನ್ನುತ್ತಿದ್ದಳು. ಹಾಗಾಗಿ ನಾನು ಬಾಯಿಮಾತು ನಂಬುವುದನ್ನು ಬಿಟ್ಟೆ. ಅವಳ ಕೈ ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತಿದ್ದೆ. ಪೆನ್ಸಿಲ್ಲು ಎಲ್ಲಿ ನಿಂತಿತೋ ಅಲ್ಲಿ ನನ್ನ ಪಾಠ ಒಡೆದಿದೆ ಎಂದು ಅರ್ಥ.

ಒಂದು ಪಾಠವನ್ನು ಐದು ಸಲ ಮಾಡಿಸಿದಳು. ಐದನೆಯ ಸಲ ನಾನು ಸೆಟ್ ಸ್ಕ್ವೇರು ಕೆಳಗಿಟ್ಟು, "ನೀನೇ ಮಾಡೇ ಹಂಗಾದ್ರೆ" ಎಂದೆ.

"ಕೊಡ್ರಿ ಇಲ್ಲಿ" ಎಂದು ನಿಜವಾಗಿಯೂ ಇಸಿದುಕೊಂಡಳು. ಸೆಟ್ ಸ್ಕ್ವೇರನ್ನು ಮೊದಲು ಹಾಳೆಗೆ ಒತ್ತಿ, ಬೆರಳು ಇಟ್ಟು, ಸರಿಸಿ, ಆಮೇಲೆ ಗೆರೆ ಎಳೆದಳು. "ನೀವು ಒತ್ತೋದನ್ನ ತೋರಿಸಂಗೇ ಇಲ್ಲ. ಸುಮ್ನೆ ಇಟ್ಟಂಗೆ ಕಾಣ್ತೈತೆ. ಅದಕ್ಕೇ ಜಾರ್ತೈತೆ ನಮಗೆ." ಮೂವತ್ತು ವರ್ಷ ಹುಡುಗರ ಗೆರೆ ಯಾಕೆ ಜಾರುತ್ತದೆ ಎಂದು ಬೈಯುತ್ತಾ ಬಂದವನಿಗೆ ಉತ್ತರ ಅಡುಗೆಮನೆಯ ಹೊಸಿಲಿನ ಹತ್ತಿರ ಸಿಕ್ಕಿತು. ಆ ತುಣುಕಿನಲ್ಲಿರುವುದು ಅವಳ ಕೈ. ಬಳೆ ಇರುವ ಕೈ ಯಾರದ್ದೆಂದು ಹುಡುಗರು ಕೇಳಿದ್ದರು. ನಾನು ಆಗ ಹೇಳಿರಲಿಲ್ಲ.

ರೇಣುಕಾ ಒಂದೊಂದೇ ಪಾಠ ಮುಗಿಸಿ ಹಾಳೆ ಕಳಿಸುತ್ತಿದ್ದಳು. ಅವಳ ಕಚ್ಚುಗಳು ಸರಿಯಾದ ಬದಿಗೆ ಬಂದವು. ಗೆರೆಗಳು ನೆಟ್ಟಗಾದವು. ಹನ್ನೆರಡು ಪಾಠಗಳಾದವು. ಹದಿಮೂರನೆಯದು ಒಂದು ಉಳಿದಿತ್ತು. ತಗಡು ಸುತ್ತಿ ಮಾಡಿದ, ಟೊಪ್ಪಿಗೆಯಂತೆ ಚೂಪಾದ ಶಂಕುವಿನಂಥ ಆಕಾರವನ್ನು ಬಿಚ್ಚಿ ನೆಲಕ್ಕೆ ಹಾಸಿದರೆ ತಗಡು ಯಾವ ರೂಪದಲ್ಲಿರುತ್ತದೆ ಎಂಬುದು ಅದರ ವಿಷಯ. ಪ್ರತಿ ಪರೀಕ್ಷೆಯಲ್ಲೂ ಅದರ ಮೇಲೊಂದು ದೊಡ್ಡ ಪ್ರಶ್ನೆ ಬರುತ್ತದೆ. ರೇಣುಕಾ ಎರಡು ಸಲವೂ ಸೋತಿದ್ದು ಅಲ್ಲೇ.

ಅದನ್ನು ಶುರು ಮಾಡುವ ಹೊತ್ತಿಗೆ ವರಲಕ್ಷ್ಮಿಗೆ ಹೊಟ್ಟೆನೋವು ಬಂತು. ಮೊದಲು ಊರಲ್ಲಿ ತೋರಿಸಿದೆವು, ಆಮೇಲೆ ದಾವಣಗೆರೆಗೆ ಕರೆದುಕೊಂಡು ಹೋದೆ. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಆಸ್ಪತ್ರೆಯ ಮಂಚದ ಮೇಲೆ ಅವಳು ಒಮ್ಮೆ, "ಆ ಹುಡುಗೀದು ಪರೀಕ್ಷೆ ಯಾವಾಗ್ರಿ?" ಎಂದು ಕೇಳಿದಳು. ಮುಂದಿನ ತಿಂಗಳು ಎಂದೆ. "ಹಂಗಾದ್ರೆ ನಾನು ಬರೋದನ್ನ ಕಾಯ್ಬ್ಯಾಡ್ರಿ" ಎಂದಳು. ಐದು ವಾರದಲ್ಲಿ ಎಲ್ಲ ಮುಗಿಯಿತು.

ತಿಥಿಯಾದ ಮೇಲೆ ಮನೆಯಲ್ಲಿ ಒಬ್ಬನೇ ಇದ್ದೆ. ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ಎರಡು ಸಲ ಫೋನನ್ನು ಸ್ಟೂಲಿಗೆ ಕಟ್ಟಿ ಶುರು ಮಾಡಿದೆ. ಕಾಗದ ಸುತ್ತಿ ಟೊಪ್ಪಿಗೆ ಮಾಡಿ ಬಿಚ್ಚಿ ತೋರಿಸಿದೆ. ತೆಗೆದ ವಿಡಿಯೊ ನೋಡಿದರೆ ನನಗೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ನನಗೆ ಸರಿ ಕಂಡದ್ದಕ್ಕೆ ಬೆಲೆಯಿಲ್ಲ ಎಂದು ಅಷ್ಟರಲ್ಲಿ ಕಲಿತಿದ್ದೆ. ತೋರಿಸಲು ಮಾತ್ರ ಯಾರೂ ಇರಲಿಲ್ಲ. ಎರಡನ್ನೂ ಅಳಿಸಿಹಾಕಿದೆ.

ಮಾರನೆಯ ದಿನ ಬೆಳಿಗ್ಗೆ ಹನುಮಕ್ಕ ಮತ್ತು ರೇಣುಕಾ ಬಂದರು. ಮಾತಾಡಿಸಿಕೊಂಡು ಹೋಗಲು ಬಂದವರು. ಜಿಟಿಜಿಟಿ ಮಳೆ ಇತ್ತು. ಹನುಮಕ್ಕ ಕರಿ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲಿಂದ ಹೊದ್ದಿದ್ದಳು. ನೆತ್ತಿಯ ಮೇಲೆ ಚೂಪಾಗಿ ಮಡಿಚಿ, ಎರಡೂ ಅಂಚನ್ನು ಮುಂದೆ ಸೇರಿಸಿ, ಕೆಳಗೆ ಅಗಲವಾಗುತ್ತಾ ಬರುವ ಕೊಪ್ಪೆ. ಕುರಿ ಕಾಯುವವರು ಮಳೆಗೆ ಹೊದೆಯುವುದು ಹೀಗೇ. ಇಬ್ಬರೂ ನೆಲದ ಮೇಲೆ ಕೂತರು. ಹುಡುಗಿ ಪಾಠದ ಮಾತೇ ಎತ್ತಲಿಲ್ಲ. ಎತ್ತಬಾರದೆಂದು ತಾಯಿ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದಳೆಂದು ಆಮೇಲೆ ತಿಳಿಯಿತು.

"ಊಟ ಮಾಡ್ತೀರಾ ಸಾರ್, ಇಲ್ವಾ?" ಎಂದು ಹನುಮಕ್ಕ ಕೇಳಿದಳು. ಮಾಡುತ್ತೇನೆ ಎಂದೆ. "ಮುಖ ನೋಡಿದ್ರೆ ಹಂಗೆ ಕಾಣಂಗಿಲ್ಲ ಬಿಡ್ರಿ" ಎಂದು, ಕೊಪ್ಪೆ ತೆಗೆದು, ಒಂದು ಸಲ ಕೊಡವಿ, ಬಾಗಿಲ ಬಳಿ ಒಣಗಲು ಹಾಸಿದಳು.

ನಾನು ಅದನ್ನೇ ನೋಡುತ್ತಾ ಕೂತೆ. ಈಗ ತಾನೇ ತಲೆಯ ಮೇಲೆ ಚೂಪಾಗಿ ನಿಂತಿದ್ದದ್ದು ನೆಲದ ಮೇಲೆ ಚಪ್ಪಟೆಯಾಗಿತ್ತು.

"ಹನುಮಕ್ಕ, ಅದನ್ನ ಇನ್ನೊಂದು ಸಲ ಹಾಕ್ಕೊಳ್ತೀರಾ?"

"ಯಾಕ್ ಸಾರ್? ಹೊರಡು ಅಂತೀರಾ?"

"ಇಲ್ಲವ್ವಾ. ಪಾಠ ಮಾಡೋಣ ಅಂತ."

ಅವಳು ಮಗಳ ಮುಖ ನೋಡಿದಳು. ಮಗಳು ಆಗಲೇ ಫೋನು ಕೈಗೆ ತೆಗೆದುಕೊಂಡಿದ್ದಳು.

ಹನುಮಕ್ಕ ಕೊಪ್ಪೆ ಹೊದ್ದು ನಿಂತಳು. ನಾನು ಸೀಮೆಸುಣ್ಣ ತಂದು, ಒಂದು ದಾರದ ತುದಿಯನ್ನು ಅವಳ ನೆತ್ತಿಯ ಚೂಪಿನಲ್ಲಿ ಹಿಡಿಸಿ, ಇನ್ನೊಂದು ತುದಿಯನ್ನು ಹಿಡಿದು, ಅಷ್ಟೇ ದೂರದಲ್ಲಿ ಸುತ್ತ ಗೆರೆ ಎಳೆಯುತ್ತಾ ಬಂದೆ. ಕರಿ ಕಂಬಳಿ ಬೋರ್ಡಿನಂತೆಯೇ ಇತ್ತು, ಬಿಳಿ ಗೆರೆ ಚೆನ್ನಾಗಿ ಎದ್ದು ಕಂಡಿತು. "ಕಚಗುಳಿ ಆಗ್ತೈತೆ ಸಾರ್, ಬೇಗ ಮುಗಿಸ್ರಿ" ಎಂದು ಅವಳು ಒಳಗಿನಿಂದ ಅಂದದ್ದು ಪಾಠದಲ್ಲಿ ಹಾಗೇ ಇದೆ, ನಾನು ಕತ್ತರಿಸಲಿಲ್ಲ. ಆಮೇಲೆ ಕಂಬಳಿಯನ್ನು ತೆಗೆದು ನೆಲಕ್ಕೆ ಹಾಸಿದಳು. ತಲೆಯ ಸುತ್ತ ಬಳೆಯಂತಿದ್ದ ಗೆರೆ ಬಿಚ್ಚಿಕೊಂಡು, ನೆತ್ತಿಯ ಜಾಗದಿಂದ ಎಲ್ಲ ಕಡೆ ಒಂದೇ ದೂರದ ಕಮಾನಾಗಿ ಬಿದ್ದಿತ್ತು. ಕಂಬಳಿಯ ಮಡಿಕೆ ತಗಡಿನಷ್ಟು ಕರಾರುವಾಕ್ಕಲ್ಲ, ಅದನ್ನು ಪಾಠದಲ್ಲೇ ಹೇಳಿದ್ದೇನೆ. ಆದರೆ ಯಾವ ಬಿಂದು ಎಲ್ಲಿಗೆ ಹೋಗುತ್ತದೆ, ಯಾವ ಅಂಚು ಯಾವ ಅಂಚನ್ನು ಮುಟ್ಟುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

"ಇಷ್ಟೇನಾ ಸರ್?" ಎಂದಳು ರೇಣುಕಾ. "ಇದನ್ನ ನಾನು ಹುಟ್ಟಿದಾಗಿಂದ ಮಡಿಚೀನಿ."

"ಹಂಗಾದ್ರೆ ಬರಿ" ಎಂದು ಹಾಳೆ ಕೊಟ್ಟೆ. ಅವಳು ಕೂತು ಬರೆದಳು. ಓರೆಯ ಉದ್ದವನ್ನು ತ್ರಿಜ್ಯ ಮಾಡಿಕೊಂಡು ಕಮಾನು ಎಳೆದಳು, ಕೋನ ಲೆಕ್ಕ ಹಾಕಿದಳು, ಭಾಗ ಮಾಡಿದಳು. ಅವಳ ಮುಖ ನೋಡಬೇಕೆಂಬ ಆಸೆಯಾಯಿತು. ನೋಡಲಿಲ್ಲ. ಪೆನ್ಸಿಲ್ಲು ನೋಡಿದೆ. ಅದು ಎಲ್ಲೂ ನಿಲ್ಲಲಿಲ್ಲ. ಹದಿಮೂರನೆಯ ಪಾಠ ಅವತ್ತು ಮಧ್ಯಾಹ್ನವೇ ಎಲ್ಲರಿಗೂ ಹೋಯಿತು.

ನಾನು ಪಡೆದ ಸನ್ಮಾನದ ಶಾಲು, ಬಡ್ತಿ, ಇವುಗಳ ಬಗ್ಗೆ ಬರೆಯಲು ಏನೂ ಇಲ್ಲ. ಈ ಹದಿಮೂರು ಪಾಠಗಳ ಬಗ್ಗೆ ಮಾತ್ರ ನನಗೆ ಹೆಮ್ಮೆ ಇದೆ. ಅದನ್ನು ಮುಚ್ಚಿಡುವುದಿಲ್ಲ.

ಫಲಿತಾಂಶ ಬಂದ ದಿನ ನಾನು ವರ್ಕ್‌ಶಾಪಿನಲ್ಲಿದ್ದೆ. ಫೋನು ಬಂತು. ಆ ಕಡೆ ಗಾಳಿಯ ಸದ್ದು.

"ಸರ್, ಆಯ್ತು."

"ಏನಾಯ್ತಮ್ಮ?"

"ಡ್ರಾಯಿಂಗ್ ಪಾಸು ಸರ್. ನಾಳೆ ಮೂರನೇ ವರ್ಷಕ್ಕೆ ಹೆಸರು ಹಚ್ಚಾಕೆ ಬರ್ತೀನಿ." ಇಷ್ಟು ಹೇಳಿ ಅವಳು ಅಳತೊಡಗಿದಳು. ಹನುಮಕ್ಕ ಫೋನು ಇಸಿದುಕೊಂಡಳು.

"ಸಾರ್, ನಂದೇನಾಯ್ತು?"

"ನಿಮ್ದು ಏನವ್ವಾ?"

"ನನ್ನ ಕೊಪ್ಪೇದು. ಅದನ್ನ ಕೇಳಿದ್ರಾ ಪರೀಕ್ಷೇಲಿ? ಈ ಹುಡುಗಿ ಅಳ್ತಾಳೆ ಹೊರತು ಬಾಯೇ ಬಿಡವಲ್ಲಳು."

"ಕೇಳಿದ್ರವ್ವಾ. ದೊಡ್ಡ ಪ್ರಶ್ನೆ ಅದೇ."

ಅವಳು ಫೋನನ್ನು ಕಿವಿಯಿಂದ ತೆಗೆದಳು ಎಂದು ಕಾಣುತ್ತದೆ. ಅವತ್ತು ಕುರಿ ತಿರುಗಿಸಲು ಬಂದು ದೂರದಲ್ಲಿದ್ದ ತನ್ನ ತಮ್ಮನನ್ನು ಅವಳು ಗಂಟಲು ಹರಿಯುವಂತೆ ಕೂಗಿದ್ದು ನನಗೆ ಕೇಳಿಸಿತು:

"ಏಯ್ ತಿಪ್ಪೇಸೀ! ನನ್ನ ಕೊಪ್ಪೆ ಪರೀಕ್ಷೇಲಿ ಬಂದೈತಂತೆ ಕಣ್ಲೇ!"